ಬಂದರು ಮುಚ್ಚಿದೆಯಾ

ಹೀಗೆ ನೇರವಾಗಿ ಕೇಳಿದರೆ ಅವಳು ಏನೆಂದುಕೊಂಡಾಳು? ಮೊದಲು ಹೇಗಿದ್ದೀಯ ಎಂದು ವಿಚಾರಿಸಿ ಆಮೇಲೆ ಬಂದರಿನ ವಿಷಯಕ್ಕೆ ಬರಬೇಕೆ? ಹಾಗೆ ಮಾಡಿದರೆ, ಮೊದಲ ಮಾತು ಎರಡನೆಯದಕ್ಕೆ ದಾರಿ ಮಾಡಲಿಕ್ಕೆಂದೇ ಬಂದದ್ದು ಅಂತ ಅವಳಿಗೆ ಗೊತ್ತಾಗುವುದಿಲ್ಲವೆ? ಸುನಿಲ್ ಬರೆದದ್ದನ್ನು ಮತ್ತೆ ಅಳಿಸಿದ.

"ಕಳಿಸಿದ್ಯನಾ?" ಮಹಾಗಣಪತಿ ಹೆಗಡೇರು ಶೆಡ್ಡಿನ ಬಾಗಿಲಿನಲ್ಲಿ ನಿಂತೇ ಕೇಳಿದರು.

"ಕಳಿಸ್ತಿದೀನಿ ಹೆಗಡೇರೆ."

"ಒಂದು ಮೆಸೇಜಿಗೆ ಬೆಳಗ್ಗಿಂದ ಕೂತಿದ್ಯಲ್ಲ ಮಾರಾಯ. ಎಂಎ ಮಾಡಿದವರಿಗೆಲ್ಲ ಹಿಂಗೇ ಆಗ್ತದಾ?"

ಪೆಟ್ಟಿಗೆಗಳ ಮುಂದೆ ಕೂತಿದ್ದ ಹೆಂಗಸರು ನಕ್ಕರು. ಅವರಲ್ಲಿ ಸುನಿಲನ ತಾಯಿ ಗುತ್ಯಮ್ಮನೂ ಇದ್ದಳು. ಸಾಗರದಿಂದ ವರದಮೂಲದ ಕಡೆ ಹೋಗುವ ರಸ್ತೆಯಲ್ಲಿದ್ದ ಆ ಶೆಡ್ಡಿನಲ್ಲಿ ಕಳೆದ ವರ್ಷ ಬೇಯಿಸಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಒಣಗಿಸಿದ ವೆನಿಲ್ಲಾ ಕಾಯಿಗಳು ಮರದ ಪೆಟ್ಟಿಗೆಗಳಲ್ಲಿ ಮಾರಾಟವಾಗದೆ ಉಳಿದಿದ್ದವು. ಹೆಗಡೇರ ತೋಟದ್ದಷ್ಟೇ ಅಲ್ಲ, ಹೊಸನಗರ, ತೀರ್ಥಹಳ್ಳಿ ಕಡೆಯವರು ನಂಬಿ ಕೊಟ್ಟದ್ದೂ ಅಲ್ಲಿತ್ತು. ಗುತ್ಯಮ್ಮ ಹೂವಿನ ಕಾಲದಲ್ಲಿ ಬೆಳಗಾದರೆ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ತಾಗಿಸಿ ಬೆಳೆದದ್ದೂ ಒಂದು ಪೆಟ್ಟಿಗೆಯಲ್ಲಿತ್ತು. ಮಳೆಗಾಲ ಮುಗಿಯುತ್ತ ಬಂದರೂ ಗಾಳಿಯ ತೇವ ಇಳಿದಿರಲಿಲ್ಲ. ಹೆಂಗಸರು ಕಾಯಿಗಳನ್ನು ಹೊರತೆಗೆದು, ಬೂಷ್ಟು ಬಂದದ್ದನ್ನು ಬೇರೆಯಿಟ್ಟು, ಉಳಿದದ್ದನ್ನು ಬಟ್ಟೆಯಿಂದ ಒರೆಸಿ ಮತ್ತೆ ಜೋಡಿಸುತ್ತಿದ್ದರು.

ಕೊಚ್ಚಿಯ ವ್ಯಾಪಾರಿ ಒಂದು ದರ ಹೇಳಿ ಉತ್ತರಕ್ಕೆ ಕಾಯುತ್ತಿದ್ದ. ಅದೇ ಹೊತ್ತಿಗೆ ಮಡಗಾಸ್ಕರಿನಲ್ಲಿ ಗಲಾಟೆ ಶುರುವಾಯಿತು. ವೆನಿಲ್ಲಾಕ್ಕೆ ಆ ದ್ವೀಪವೇ ತವರು ಇದ್ದ ಹಾಗೆ. ಅಲ್ಲಿಂದ ಮಾಲು ಹೊರಡದಿದ್ದರೆ ಇಲ್ಲಿಯದಕ್ಕೆ ಬೆಲೆ. ಇಪ್ಪತ್ತು ವರ್ಷಕ್ಕೂ ಹಿಂದೆ ಅಲ್ಲಿ ಚಂಡಮಾರುತವೂ ರಾಜಕೀಯದ ಜಗಳವೂ ಒಟ್ಟಿಗೆ ಬಂದಾಗ ಇಲ್ಲಿ ಬೆಲೆ ಗಗನಕ್ಕೇರಿ, ಕಳ್ಳರ ಭಯಕ್ಕೆ ಈ ಸೀಮೆಯವರು ಬಳ್ಳಿಗೆ ಕಾವಲು ಕೂತಿದ್ದರು. ಆಗ ಅವಸರಪಟ್ಟು ಮಾರಿದ್ದನ್ನು ಹೆಗಡೇರು ಇನ್ನೂ ಮರೆತಿರಲಿಲ್ಲ.

ಸುನಿಲ್ ಕೊನೆಗೆ ಬರೆದ: ಹೇಗಿದ್ದೀಯ? ಪೇಪರಿನಲ್ಲಿ ಓದಿದೆ. ಬಂದರು ಮುಚ್ಚಿದೆಯಾ?

ಮಿಯಾಲಿ ಆ ದೇಶದ ರಾಜಧಾನಿಯಲ್ಲಿ ಓದುತ್ತಿದ್ದಳು. ಅವಳ ತಾಯಿ ಉತ್ತರದ ಒಂದು ಊರಿನಲ್ಲಿ ಇಂಥದೇ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಹೋದ ವರ್ಷ ವೆನಿಲ್ಲಾದವರ ಒಂದು ಗುಂಪಿನಲ್ಲಿ ಸುನಿಲ್ ಬೂಷ್ಟು ಬಂದ ಕಾಯಿಯ ಫೋಟೋ ಹಾಕಿ ಏನು ಮಾಡುವುದೆಂದು ಕೇಳಿದ್ದ. ಮಿಯಾಲಿ ತಾಯಿಯನ್ನು ಕೇಳಿ ಉತ್ತರ ಬರೆದಿದ್ದಳು. ಅಲ್ಲಿಂದ ಮಾತು ಬೆಳೆದಿತ್ತು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಅದರಿಂದಲೇ ಇರಬೇಕು, ಮನೆಯಲ್ಲಿ ಆಡದ ಕೆಲವು ಮಾತುಗಳನ್ನು ಅವನು ಅವಳಿಗೆ ಬರೆಯಬಲ್ಲವನಾಗಿದ್ದ.

ಮಧ್ಯಾಹ್ನ ಉತ್ತರ ಬಂತು. ಹಾಸ್ಟೆಲಿನಲ್ಲಿ ನೀರಿಲ್ಲ. ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಯಾರಿಗೂ ಗೊತ್ತಿಲ್ಲ. ನೀರು ತರುವ ಹಳದಿ ಕ್ಯಾನುಗಳನ್ನು ಎತ್ತಿ ಹಿಡಿದು ಬೀದಿಗೆ ಇಳಿದಿದ್ದೇವೆ. ಅಶ್ರುವಾಯು ಹೊಡೆದರು. ಬಂದರು ತೆರೆದೇ ಇದೆ ಅಂತ ಕಾಣುತ್ತದೆ. ನಿನ್ನ ಸಂದೇಶವನ್ನು ಗೆಳತಿಯರಿಗೆ ಓದಿ ಹೇಳಿದೆ. ಅಷ್ಟು ದೂರದಲ್ಲಿ ಒಬ್ಬ ನಮ್ಮ ದೇಶದ ಬಂದರಿನ ಚಿಂತೆ ಮಾಡುತ್ತಿದ್ದಾನೆ ಅಂತ ಅವರಿಗೆ ಆಶ್ಚರ್ಯ.

"ಎಂತ ಅಂದ್ಲು?" ಹೆಗಡೇರು ಕೇಳಿದರು.

"ಬಂದರು ತೆರೆದೇ ಇದೆಯಂತೆ."

"ಗಲಾಟೆ?"

"ಜೋರಾಗಿದೆ."

"ಹಂಗಾದ್ರೆ ಮುಚ್ತದೆ, ಕಾಯುವ. ಕೊಚ್ಚಿಯವನು ಫೋನ್ ಮಾಡಿದ್ರೆ ಹೆಗಡೇರು ಪೂಜೆಗೆ ಕೂತಿದಾರೆ ಅನ್ನು."

"ನಿನ್ನೆಯೂ ಪೂಜೆ ಅಂದಿದ್ದೆ."

"ನವರಾತ್ರಿ ಅಲ್ಲವಾ. ನಂಬ್ತಾನೆ."

ಆಮೇಲೆ ದಿನವೂ ಇದೇ ಆಯಿತು. ತೀರ್ಥಹಳ್ಳಿಯಿಂದ ರವಿಶಂಕರ ಭಟ್ಟರು ಬೆಳಗಿನ ಕಾಫಿಯ ಹೊತ್ತಿಗೆ ಫೋನ್ ಮಾಡಿ "ನಿನ್ನ ಹುಡುಗಿ ಎಂತ ಹೇಳ್ತಾಳೋ?" ಎನ್ನುತ್ತಿದ್ದರು. ಮಾಲು ಕೊಟ್ಟ ಬೇರೆಯವರೂ ಕೇಳುತ್ತಿದ್ದರು. ಸುನಿಲ್ ಅವಳು ಬರೆದದ್ದರಲ್ಲಿ ರಸ್ತೆ, ಲಾರಿ, ಸರ್ಕಾರ, ಸೈನ್ಯದ ವಿಷಯವನ್ನಷ್ಟೇ ಹೆಕ್ಕಿ ಹೇಳುತ್ತಿದ್ದ. ಅವಳ ಗೆಳತಿಗೆ ಪೆಟ್ಟಾದದ್ದು, ಒದ್ದೆ ಬಟ್ಟೆಯನ್ನು ಮುಖಕ್ಕೆ ಕಟ್ಟಿಕೊಂಡು ಅವರು ಓಡಿದ್ದು ಯಾರಿಗೂ ಬೇಕಿರಲಿಲ್ಲ, ಅವನೂ ಹೇಳಲಿಲ್ಲ. ಬೂಷ್ಟು ಬಂದ ಕಾಯಿಗಳ ರಾಶಿ ಬೆಳೆಯುತ್ತಿತ್ತು.

"ನಮ್ಮ ಪೆಟ್ಟಿಗೇಲೂ ಹಿಡಿದದೆ ಮಗ," ಒಂದು ಸಂಜೆ ಮನೆಗೆ ನಡೆಯುವಾಗ ಗುತ್ಯಮ್ಮ ಹೇಳಿದಳು. "ಕೊಟ್ಟುಬಿಡೋಣ ಅನ್ನು ಹೆಗಡೇರಿಗೆ. ನಿನ್ನ ಮಾತು ಕೇಳ್ತಾರೆ."

ಅವಳ ಮಾತು ನಿಜವಾಗಿತ್ತು. ಗಲಾಟೆ ಇಳಿಯುತ್ತಿದೆ ಎಂದು ಅವನು ಒಂದು ಮಾತು ಹೇಳಿದರೆ ಹೆಗಡೇರು ಅವತ್ತೇ ಮಾರುತ್ತಿದ್ದರು.

"ಇನ್ನು ಸ್ವಲ್ಪ ದಿನ ನೋಡೋಣ ಅವ್ವ," ಎಂದ.

ಮರುದಿನ ಮಿಯಾಲಿ ಒಂದು ಕೋರಿಕೆ ಕಳಿಸಿದಳು. ಬೇರೆ ಬೇರೆ ದೇಶದವರು ರಟ್ಟಿನ ಮೇಲೆ ಬರೆದು ಹಿಡಿದುಕೊಂಡ ಫೋಟೋಗಳು ಬರುತ್ತಿವೆ. ನಿಮ್ಮ ಭಾಷೆಯಲ್ಲಿ ಒಂದು ಬಂದರೆ ಚೆನ್ನ. ನಿಮ್ಮ ಶೆಡ್ಡಿನವರೆಲ್ಲ ನಿಂತರೆ ಇನ್ನೂ ಚೆನ್ನ, ನನ್ನ ಅಮ್ಮನಿಗೆ ತೋರಿಸುತ್ತೇನೆ.

ಸುನಿಲ್ ಅಳುಕುತ್ತಲೇ ಹೇಳಿದ. ಹೆಗಡೇರು ಬೈದಾರು ಎಂದುಕೊಂಡಿದ್ದ.

"ಅಷ್ಟೇನಾ? ತಗೊಂಬಾ ರಟ್ಟು. ಹುಮ್ಮಸ್ಸು ಬರ್ಲಿ ಅವರಿಗೆ," ಎಂದರು ಹೆಗಡೇರು. ಅಂಗಿಯ ಗುಂಡಿ ಹಾಕಿಕೊಂಡು ತಾವೇ ಮುಂದೆ ಬಂದರು.

ಸುನಿಲ್ ಪೆಟ್ಟಿಗೆಯ ರಟ್ಟಿನ ಮೇಲೆ 'ನಾವು ನಿಮ್ಮ ಜೊತೆಗಿದ್ದೇವೆ' ಎಂದು ದಪ್ಪಗೆ ಬರೆದ. ಹೆಂಗಸರು ಸೆರಗು ಸರಿಮಾಡಿಕೊಂಡರು.

"ಸೇಸಮ್ಮ, ನೀನು ಹಿಂದೆ ನಿಲ್ಲು. ನಿನ್ನ ಮುಖ ನೋಡಿ ಆ ಹುಡುಗರು ಹೆದ್ರಿ ಮನೆಗೆ ಹೋದಾವು," ಎಂದು ಗುತ್ಯಮ್ಮ ಪಕ್ಕದಲ್ಲಿದ್ದ ಶೇಷಮ್ಮನನ್ನು ಕೆಣಕಿದಳು.

"ನೀ ಮುಂದೆ ನಿಂತ್ರೆ ಪೊಲೀಸ್ರೂ ಹೋಗ್ತಾರೆ ಬಿಡು," ಎಂದಳು ಶೇಷಮ್ಮ.

ಗುತ್ಯಮ್ಮ ಮಗನನ್ನು ಕೇಳಿದಳು: "ಎದಕ್ಕೆ ಗಲಾಟೆ ಮಾಡ್ತಾವೆ ಅವು?"

"ನೀರಿಗೆ, ಕರೆಂಟಿಗೆ."

"ಕರೆಂಟಿಗಾ?" ಅವಳ ತವರು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿತ್ತು. "ಕರೆಂಟ್ ಮಾಡೋ ನೀರು ನಮ್ಮ ಅಪ್ಪನ ಗದ್ದೆ ಮೇಲೇ ನಿಂತಿತ್ತು. ನಮ್ಮನೇಲಿ ಬುಡ್ಡಿದೀಪ. ನಾ ಮದುವೆ ಆಗಿ ಬರೋ ತನಕ ಅದೇ. ನಾವು ಒಬ್ರೂ ಬಾಯಿ ಬಿಡ್ಲಿಲ್ಲ. ತಾ ಇಲ್ಲಿ, ರಟ್ಟು ನಾ ಹಿಡೀತೀನಿ."

ಹೆಗಡೇರ ಹೆಂಡತಿ ಮನೋರಮಾ ಮಜ್ಜಿಗೆಯ ಪಾತ್ರೆ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. "ಇದೆಂತ ಇದು?"

"ಫೋಟೋ. ನೀನೂ ಬಾ."

"ಅವ್ಕೆ ಎಂಗಳ ಗುರ್ತ ಇದ್ದಾ?" ಮನೋರಮಾ ಮನೆಯ ಹವ್ಯಕ ಮಾತಿನಲ್ಲಿ ಕೇಳಿದರು.

"ಗುರ್ತ ಎಂತಕ್ಕೆ? ಅಲ್ಲಿ ಗಲಾಟೆ ನಡದ್ರೆ ಇಲ್ಲಿ ರೇಟು ಏರ್ತು. ಸುಮ್ನೆ ಬಂದು ನಿಂತ್ಕ."

"ಅವ್ರ ಮಕ್ಕ ಹೊಡ್ತ ತಿಂಬದು, ಎಂಗೊ ಫೋಟೋಕ್ಕೆ ನಿಂತ್ಕಂಬದಾ? ಆನು ಬತ್ನಿಲ್ಲೆ," ಎಂದ ಮನೋರಮಾ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು.

ಹೆಗಡೇರು ನಕ್ಕುಬಿಟ್ಟರು. ಆ ನಗು ಮುಖದಲ್ಲಿ ಇರುವಾಗಲೇ ಸುನಿಲ್ ಫೋಟೋ ತೆಗೆದ. ನಡುವೆ ಗುತ್ಯಮ್ಮ ರಟ್ಟನ್ನು ಎದೆಗಿಂತ ಮೇಲೆ ಎತ್ತಿ ಹಿಡಿದಿದ್ದಳು. ಅವಳು ನಗುತ್ತಿರಲಿಲ್ಲ.

ಮಿಯಾಲಿಯ ಉತ್ತರ ಕೂಡಲೇ ಬಂತು. ಎಲ್ಲರಿಗೂ ಹಂಚಿದ್ದೇನೆ, ಅಕ್ಷರಗಳು ಎಷ್ಟು ದುಂಡಗಿವೆ ಎಂದಳು. ನಾವೆಲ್ಲ ಚೌಕಕ್ಕೆ ಹೊರಟಿದ್ದೇವೆ ಎಂದಳು. ಆಮೇಲೆ ಸುದ್ದಿಯಿಲ್ಲ.

ಸುನಿಲ್ ಮೊದಲ ದಿನ ಒಂದು ಸಂದೇಶ ಕಳಿಸಿದ. ಮುಂದಿನ ದಿನ ಇನ್ನೊಂದು. ಎರಡೂ ಅವಳಿಗೆ ತಲುಪಲೇ ಇಲ್ಲ. ಹೆಗಡೇರು ಕೇಳಿದಾಗ ಫೋನ್ ಹತ್ತುತ್ತಿಲ್ಲ ಎಂದ.

"ನೆಟ್‌ವರ್ಕೇ ಕಿತ್ತಿದಾರೆ ಅಂದ್ರೆ ಜೋರೇ ಅದೆ," ಎಂದರು ಹೆಗಡೇರು. ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಘಟ್ಟದ ಮೇಲೆ ಮೋಡ ಕಂಡವರು ಮಳೆಯ ಮಾತಾಡುವ ಹಾಗಿತ್ತು. ಸುನಿಲ್ ಪೆಟ್ಟಿಗೆ ತೆರೆದು ಕಾಯಿ ಮೂಸುತ್ತ ಕೂತ. ಪರಿಮಳದ ಅಡಿಯಲ್ಲಿ ಹಸಿ ಗೋಣಿಯ ವಾಸನೆ ಇತ್ತು.

ಅಷ್ಟರಲ್ಲಿ ಸೈನ್ಯದವರು ವಿದ್ಯಾರ್ಥಿಗಳ ಕಡೆ ಸೇರಿದರು, ಅಲ್ಲಿಯ ಸರ್ಕಾರ ಬಿತ್ತು ಎಂದು ಟಿವಿಯಲ್ಲಿ ಒಂದು ಸಾಲು ಓಡಿತು. ಬಂದರು ಕಡೆಯವರೆಗೂ ಮುಚ್ಚಲಿಲ್ಲ. ದರವೂ ಏಳಲಿಲ್ಲ. ಈಗಿನ ದಿನಗಳಲ್ಲಿ ಗೋದಾಮುಗಳಲ್ಲೇ ಬೇಕಾದಷ್ಟು ಮಾಲಿದೆ, ಅಲ್ಲಿ ರಾಜನೇ ಬದಲಾದರೂ ಇಲ್ಲಿ ಏನೂ ಆಗುವುದಿಲ್ಲ ಎಂದು ಕೊಚ್ಚಿಯವನು ವಿವರಿಸಿ, ಮೊದಲು ಹೇಳಿದ್ದಕ್ಕಿಂತ ಕಡಿಮೆ ಹೇಳಿದ. ಹೆಗಡೇರು ಒಪ್ಪಿದರು. ಗುತ್ಯಮ್ಮನ ಪೆಟ್ಟಿಗೆಯಲ್ಲಿ ಅರ್ಧಕ್ಕೂ ಮೇಲೆ ಹಾಳಾಗಿತ್ತು. ಅವಳು ಅದನ್ನು ಬುಟ್ಟಿಗೆ ತುಂಬಿ ಬಾಳೆಯ ಬುಡಕ್ಕೆ ಸುರಿದು ಬಂದಳು.

ಮಾಲು ಹೇರಿದ ವ್ಯಾನು ಹೋದ ಮಧ್ಯಾಹ್ನ, ಖಾಲಿ ಪೆಟ್ಟಿಗೆಗಳನ್ನು ಬಿಸಿಲಿಗೆ ಹಾಕುತ್ತಿದ್ದಾಗ ಮಿಯಾಲಿಯ ಫೋಟೋ ಬಂತು. ಒಂದು ಕಣ್ಣಿಗೆ ಬಿಳಿ ಬ್ಯಾಂಡೇಜು. ಪಕ್ಕದಲ್ಲಿ ಕೂತ ಹೆಂಗಸು ತಾಯಿ ಇರಬೇಕು. ಮಿಯಾಲಿ ಸಾವಕಾಶವಾಗಿ ಬರೆದಳು. ಆಸ್ಪತ್ರೆಯಿಂದ ಊರಿಗೆ ಬಂದಿದ್ದೇನೆ. ಕಣ್ಣಿನ ವಿಷಯ ಡಾಕ್ಟರು ಇನ್ನೂ ಏನೂ ಹೇಳುವುದಿಲ್ಲ. ನಿಮ್ಮ ಫೋಟೋವನ್ನು ದೊಡ್ಡದು ಮಾಡಿಸಿ ಗೋಡೆಗೆ ಅಂಟಿಸಿದ್ದೇವೆ. ಅದರಲ್ಲಿ ಇರುವವರ ಹೆಸರೆಲ್ಲ ಹೇಳು, ಕೆಳಗೆ ಬರೆಯುತ್ತೇನೆ.

ಸುನಿಲ್ ಒಂದು ಪೆಟ್ಟಿಗೆಯ ಅಂಚಿನ ಮೇಲೆ ಕೂತು ಹೆಸರುಗಳನ್ನು ಕಳಿಸಿದ.

ನಡುವೆ ಇರುವವರು?

ನನ್ನ ತಾಯಿ, ಗುತ್ಯಮ್ಮ.

ತುದಿಯಲ್ಲಿ ನಗುತ್ತಿರುವ ಎತ್ತರದವರು? ಅಮ್ಮನಿಗೆ ಅವರನ್ನು ಕಂಡರೆ ಇಷ್ಟ. ತಮ್ಮ ಮಕ್ಕಳೇ ಬೀದಿಯಲ್ಲಿದ್ದಾರೇನೋ ಎಂಬ ಹಾಗೆ ಹೆಮ್ಮೆಯಿಂದ ನಿಂತಿದ್ದಾರಂತೆ.

ಮಹಾಗಣಪತಿ ಹೆಗಡೇರು. ಈ ಶೆಡ್ಡು ಅವರದು.

ಅದರಲ್ಲಿ ನೀನು ಯಾಕಿಲ್ಲ?

ಫೋಟೋ ತೆಗೆದವನು ನಾನು ಎಂದು ಸುನಿಲ್ ಬರೆದ. ನಿನ್ನ ಹೆಸರನ್ನೂ ಬರೆಯುತ್ತೇನೆ ಎಂದಳು. ಅವನು ಬೇಡವೆನ್ನಲಿಲ್ಲ.

ಆಮೇಲೂ ಅವರಿಬ್ಬರು ಬಹಳ ಕಾಲ ಬರೆದುಕೊಂಡರು. ಅವಳ ಕಣ್ಣಿನ ವಿಷಯ, ಕಾಲೇಜು ಮತ್ತೆ ತೆರೆದ ವಿಷಯ, ಇಲ್ಲಿ ಹೊಸ ಕಾಯಿ ಕೊಯ್ದ ವಿಷಯ. ಗಲಾಟೆ ಇನ್ನೂ ಸ್ವಲ್ಪ ದಿನ ನಡೆಯಲಿ ಎಂದು ತಾನೂ ಬಯಸಿದ್ದನ್ನು ಮಾತ್ರ ಸುನಿಲ್ ಅವಳಿಗೆ ಯಾವತ್ತೂ ಹೇಳಲಿಲ್ಲ.