ಬಸ್ಸಿನ ರೂಟಿನಲ್ಲಿ ಡ್ರೈವರ್ ಓಡಿದ್ದು

ನಮ್ಮ ಬಸ್ ಡ್ರೈವರಿಗೆ ಐವತ್ತು ಹತ್ತಿರ ಬಂದಿತ್ತು. ಕೂತು ಕೂತು ಹೊಟ್ಟೆ ಸ್ಟೇರಿಂಗಿಗೆ ತಾಗುತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ಮದ್ದು ಸೀಟನ್ನು ಒಂದಿಷ್ಟು ಹಿಂದಕ್ಕೆ ಸರಿಸುವುದು. ಆದರೆ ಡಿಪೋದವರು ಮಾಡಿಸುವ ಈ ಸಲದ ಆರೋಗ್ಯ ತಪಾಸಣೆಯಲ್ಲಿ ಡಾಕ್ಟರು ಹುಬ್ಬು ಗಂಟಿಕ್ಕಿದರು.

"ಶುಗರ್ ಏರ್ತಾ ಇದೆ, ಬಿ.ಪಿ.ನೂ ಅದರ ಬೆನ್ನಿಗೇ ಇದೆ. ಮುಂದಿನ ತಪಾಸಣೇಲೂ ಹೀಗೇ ಇದ್ರೆ ಇವರ ಕೈಗೆ ಬಸ್ ಕೊಡಿ ಅಂತ ನಾನು ಬರೆಯೋಕಾಗಲ್ಲ."

ಸೀಟು ಹೋದರೆ ತಾನು ಯಾರು? ಡ್ರೈವರು ಮನೆಗೆ ಬಂದವರೇ ಹೆಂಡತಿಗೆ ಹೇಳಿದರು, "ನಾಳೆಯಿಂದ ಓಡ್ತೀನಿ ಕಣೇ."

ಹೆಂಡತಿ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವರು. ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ನೀವಾ? ಮಹಡಿ ಹತ್ತೋಕೇ ನಡುವೆ ಕೂರ್ತೀರಿ. ಎಲ್ಲೀವರೆಗೆ ಓಡ್ತೀರಂತೆ?"

"ನನ್ನ ರೂಟು ಪೂರ್ತಿ. ಡಿಪೋದಿಂದ ಆಸ್ಪತ್ರೆ ಸ್ಟಾಪಿನವರೆಗೆ. ದಿನಾ ಹೋಗೋ ದಾರಿ, ಎಷ್ಟು ಮಹಾ ದೂರ?"

ಆ ದೂರ ಅವರ ಕಣ್ಣಿಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಸೀಟಿನಲ್ಲಿ ಕೂತವರಿಗೆ ಮಾರ್ಕೆಟ್ಟಿನ ಏರು ಏರೇ ಅಲ್ಲ. ಗೇರು ಇಳಿಸಿದರೆ ಮುಗಿಯಿತು. ಮರುದಿನ ಬೆಳಿಗ್ಗೆ ಡ್ಯೂಟಿ ಬೂಟಿನಲ್ಲೇ ಹೊರಟರು. ಬಸ್ಸಿನ ಸಮಯಕ್ಕೇ ಸ್ಟಾಪು ಮುಟ್ಟಬೇಕೆಂಬ ಹಟ ಬೇರೆ. ಮೊದಲ ಸ್ಟಾಪಿನಲ್ಲೇ ಲೇಟು. ಲೇಟಾದರೆ ಡ್ರೈವರು ಏನು ಮಾಡುತ್ತಾರೆ? ವೇಗ ಹೆಚ್ಚಿಸುತ್ತಾರೆ. ಇವರೂ ಹೆಚ್ಚಿಸಿದರು. ಏರಿನ ಅರ್ಧದಲ್ಲಿ ಕಣ್ಣಿಗೆ ಕತ್ತಲೆ ಕವಿಯಿತು, ಎಡಮಂಡಿ ಚುಳ್ಳೆಂದಿತು. ಕೊನೆಗೆ ಹಿಂದಿನಿಂದ ಬಂದ ಅದೇ ರೂಟಿನ ಬಸ್ಸು ಅವರನ್ನು ಹತ್ತಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸಿತು.

ಅಲ್ಲಿ ನರ್ಸಾಗಿದ್ದವಳು ಅವರ ನಾದಿನಿಯೇ. ಡಾಕ್ಟರಿಂದ ಎದೆ, ಬಿ.ಪಿ., ಮಂಡಿ ಎಲ್ಲ ಪರೀಕ್ಷೆ ಮಾಡಿಸಿದಳು. ಮಂಡಿ ಊದಿತ್ತು, ಸದ್ಯ ಹೃದಯಕ್ಕೇನೂ ಆಗಿರಲಿಲ್ಲ. ಅಷ್ಟರಲ್ಲಿ ಹೆಂಡತಿ ಎದ್ದೆನೋ ಬಿದ್ದೆನೋ ಎಂದು ಬಂದರು.

"ಈ ವಯಸ್ಸಲ್ಲಿ ಓಟ ಬೇಕಿತ್ತಾ? ಇನ್ನು ಕ್ಲಚ್ ಒತ್ತೋರು ಯಾರು?"

"ಓಟ ತಪ್ಪಲ್ಲ ಅಕ್ಕಾ, ಇಟ್ಕೊಂಡ ಗುರಿ ತಪ್ಪು," ಎಂದಳು ನಾದಿನಿ. "ಭಾವ, ಓಡ್ತಾ ಮಾತಾಡೋಕಾಗ್ತಿತ್ತಾ?"

"ಉಸಿರೇ ಇರಲಿಲ್ಲ, ಮಾತೆಲ್ಲಿಂದ ಬರ್ಬೇಕು? ಅಲ್ಲಮ್ಮಾ, ಮಾತಿಗೂ ಓಟಕ್ಕೂ ಏನು ಸಂಬಂಧ?"

"ಒಂದು ಮಾತು ಪೂರ್ತಿ ಹೇಳೋಕಾಗದಷ್ಟು ಏದುಸಿರು ಬಂದ್ರೆ ವೇಗ ಜಾಸ್ತಿ ಆಯ್ತು ಅಂತ. ಮೊದಲು ಮಂಡಿ ವಾಸಿಯಾಗ್ಲಿ, ಡಾಕ್ಟರು ಒಪ್ಪಲಿ. ಆಮೇಲೆ ಕೆಲವು ವಾರ ಬರೀ ನಡಿಗೆ. ಅದು ಸಲೀಸಾದ ಮೇಲೆ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಮೆಲ್ಲಗೆ ಓಡಿ. ಉಸಿರು ಸಮ ಆಗೋವರೆಗೂ ನಡೀರಿ. ಮತ್ತೆ ಓಡಿ. ಮಾರನೇ ದಿನ ಓಟಕ್ಕೆ ರಜೆ."

"ರಜೆನಾ! ನಾನು ರಜೆ ಹಾಕಿದ್ರೆ ಶುಗರ್ ಸುಮ್ನಿರುತ್ತಾ?"

"ಆವತ್ತು ಬೇಕಾದ್ರೆ ಸುಮ್ನೆ ನಡೀರಿ. ಓಡಿದ ಕಾಲು ಸುಧಾರಿಸ್ಕೊಂಡು ಗಟ್ಟಿ ಆಗೋದು ರಜೇಲೇ. ಮಾತ್ರೆ ಮಾತ್ರ ಬಿಡಬೇಡಿ."

"ಮತ್ತೆ ನನ್ನ ರೂಟು?"

"ರೂಟನ್ನ ಬಸ್ಸಿಗೇ ಬಿಡಿ ಭಾವ."

ಹೆಂಡತಿಗೆ ಇನ್ನೂ ನಂಬಿಕೆಯಿಲ್ಲ. "ಒಬ್ಬರೇ ಹೋದ್ರೆ ಮತ್ತೆ ಜಿದ್ದಿಗೆ ಬೀಳ್ತಾರೆ. ನಾನೂ ಹೋಗ್ತೀನಿ. ಇವರ ಮಾತು ನಿಂತ ಕಡೆ ಓಟಾನೂ ನಿಲ್ಲಿಸ್ತೀನಿ."

"ಹಾಗಾದ್ರೆ ಮೊದಲು ನಿನ್ನ ಬಿ.ಪಿ.ನೂ ನೋಡೋಣ, ಬಾ," ಎಂದು ತಂಗಿ ಅಕ್ಕನ ತೋಳು ಹಿಡಿದಳು.

ಮಂಡಿ ವಾಸಿಯಾಯಿತು. ಡಾಕ್ಟರು ಒಪ್ಪಿದರು. ಮೆತ್ತನೆ ಅಡಿಯ, ಕಾಲಿಗೆ ಸರಿಹೊಂದುವ ಶೂ ಬಂತು. ವಾರಗಟ್ಟಲೆ ನಡೆದ ಮೇಲೆ ಮೆಲ್ಲನೆ ಓಟ ಶುರುವಾಯಿತು. ಪಕ್ಕದಲ್ಲಿ ಹೆಂಡತಿಯ ಪ್ರಶ್ನೆಗಳು. ಹದಿನೆಂಟು ವರ್ಷ ಎಲ್ಲದಕ್ಕೂ "ಹೂಂ" ಎಂದೇ ಸಂಸಾರ ದೂಡಿದ್ದ ಡ್ರೈವರು ಈಗ ಸಿಕ್ಕಿಬಿದ್ದರು.

"ಬರೀ ಹೂಂ ಅಂದ್ರೆ ಉಸಿರು ಎಷ್ಟಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಪೂರ್ತಿ ಹೇಳ್ರೀ."

ಹೇಳಲು ಬೇಕಾದಷ್ಟಿತ್ತು. ಕಾಲ್ನಡಿಗೆಯಲ್ಲಿ ಅದೇ ದಾರಿ ಬೇರೆಯೇ ಆಗಿ ಕಂಡಿತು. ಈ ಗೋಡೆ ಇಲ್ಲಿತ್ತೇ? ಈ ಏರು ಶುರುವಾಗುವುದು ಇಷ್ಟು ಕೆಳಗಿನಿಂದಲೇ? ಮೊನ್ನೆ ಏದುಸಿರು ಬಂದ ಕಂಬ ಇವತ್ತು ಸುಮ್ಮನೆ ದಾಟಿಹೋಯಿತಲ್ಲ, ಅದು ಹೇಗೆ? ಒಂದು ದಿನ ಅವರೇ ಕೇಳಿದರು, "ಸ್ಕೂಲಲ್ಲಿ ಎಲ್ಲರಿಗೂ ಬಡಿಸಿ ನೀನು ಎಷ್ಟೊತ್ತಿಗೆ ಊಟ ಮಾಡ್ತೀಯೇ?" ಇಷ್ಟು ವರ್ಷ ಹೆಂಡತಿಯನ್ನು ಹಾಗೆ ಕೇಳಿದವರೇ ಇರಲಿಲ್ಲ.

ಮುಂದಿನ ತಪಾಸಣೆಯ ದಿನ ಡಾಕ್ಟರು ಹೇಳಿದರು, "ಪೂರ್ತಿ ಇಳಿದಿಲ್ಲ, ಆದ್ರೆ ಹಿಡಿತಕ್ಕೆ ಬಂದಿದೆ. ಮಾತ್ರೆ ಮುಂದುವರಿಸಿ. ಬಸ್ ಓಡಿಸಿ."

ಡ್ರೈವರು ಕುಣಿಯುತ್ತಾ ಮನೆಗೆ ಬಂದರು. "ಸೀಟು ಉಳೀತು ಕಣೇ!"

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಸೀಟಿನ ಮನೆ ಹಾಳಾಗ. ಆವತ್ತು ಆಸ್ಪತ್ರೆಗೆ ಬರುವಾಗ ದಾರೀ ಉದ್ದಕ್ಕೂ ನೀವು ಬದುಕಿದ್ರೆ ಸಾಕು ಅಂತಿದ್ದೆ ನಾನು."

ಅಕ್ಕ ಅಣ್ಣಂದಿರೇ, ನಲವತ್ತು ದಾಟಿದ ಮೇಲೂ ಓಡುವ ಆಸೆಯಿದ್ದರೆ ಖಂಡಿತ ಓಡಿ. ಮೊದಲು ಡಾಕ್ಟರನ್ನು ಕಾಣಿ. ನಡಿಗೆಯಿಂದ ಶುರುಮಾಡಿ, ಮಾತಾಡುವಷ್ಟು ಉಸಿರು ಉಳಿಸಿಕೊಂಡು ಓಡಿ. ಎದೆನೋವು, ತಲೆಸುತ್ತು, ಉಸಿರಾಟದ ತೊಂದರೆ ಕಂಡರೆ ಅಲ್ಲೇ ನಿಂತು, ತಡಮಾಡದೆ ಆಸ್ಪತ್ರೆಗೆ ಹೋಗಿ. ಓಡಬೇಕಾದ ದೂರ ಎಲ್ಲಿಗೂ ಓಡಿಹೋಗುವುದಿಲ್ಲ. ಇನ್ನೂ ಸ್ವಲ್ಪ ಓಡಬಹುದಿತ್ತು ಅನ್ನಿಸುವಾಗಲೇ ಇವತ್ತಿನದನ್ನು ನಿಲ್ಲಿಸಿ.