ತಪಸ್ಸು ಕಾಲದಲ್ಲಿ ‘ಟನೇಜ್’

ರಾಬರ್ಟ್‌ಗೆ ಬಿಡಲು ಒಂದು ಚಟವೂ ಇರಲಿಲ್ಲ. ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸು ಕಾಲ ಬಂತೆಂದರೆ ಅವನ ಚರ್ಚಿನ ಗಂಡಸರೆಲ್ಲ ಏನಾದರೊಂದನ್ನು ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಕುಡಿಯುವವರು ಕುಡಿತ ಬಿಡುತ್ತಿದ್ದರು, ಸೇದುವವರು ಸಿಗರೇಟು ಬಿಡುತ್ತಿದ್ದರು, ಎರಡೂ ಇದ್ದವರು ಒಂದನ್ನು ಬಿಟ್ಟು ಇನ್ನೊಂದನ್ನು ಕೊಂಚ ಜಾಸ್ತಿ ಮಾಡುತ್ತಿದ್ದರು. ರಾಬರ್ಟ್ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡಿ, ಸಂಜೆ ನೆಟ್ಟಗೆ ರಾಜೀವನಗರದ ಮನೆ ಸೇರುವ, ಕಾಫಿಗೂ ಸಕ್ಕರೆ ಕಡಿಮೆ ಹಾಕಿಸಿಕೊಳ್ಳುವ ಸಾಧು ಪ್ರಾಣಿ. ಹೋಗಲಿ, ಮಾಂಸ ಬಿಡೋಣವೆಂದರೆ ಆ ದಿನಗಳಲ್ಲಿ ಹೆಂಡತಿ ಜಯಮೇರಿ ಮನೆಯೊಳಗೆ ಮೊಟ್ಟೆಯನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ. ಅವಳು ಬಿಡಿಸಿದ್ದನ್ನು ತಾನೇ ಬಿಟ್ಟೆನೆಂದು ದೇವರ ಮುಂದೆ ಹೇಳಿಕೊಳ್ಳುವಷ್ಟು ದಪ್ಪ ಚರ್ಮ ಅವನದಾಗಿರಲಿಲ್ಲ.

ಆದರೆ ಈ ವರ್ಷ ಹರಕೆ ಹೊರಲೇಬೇಕಿತ್ತು. ಅಪ್ಪನಿಗೆ ಮಾತು ನಿಂತುಹೋಗಿತ್ತು.

ಅಪ್ಪ ಜ್ಞಾನಪ್ರಕಾಶ್ ಚರ್ಚಿನ ಗಾಯಕವೃಂದವನ್ನು ಬಹಳ ವರ್ಷ ನಡೆಸಿದವರು. ಕ್ರಿಸ್‌ಮಸ್ ಕಳೆದ ಮೇಲೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈಯೂ ಮಾತೂ ಒಟ್ಟಿಗೆ ಹೋದವು. ಕೈ ಮೆಲ್ಲಗೆ ವಾಪಸು ಬಂತು, ಮಾತು ಬರಲಿಲ್ಲ. ಗಂಟಲಿಗೆ ಏನೂ ಆಗಿಲ್ಲ, ಹೇಳಿದ್ದೆಲ್ಲ ಅರ್ಥವಾಗುತ್ತದೆ, ಆಡಬೇಕಾದ ಪದ ಮಾತ್ರ ಸಿಗುತ್ತಿಲ್ಲ ಎಂದರು ಡಾಕ್ಟರು. ಮಾನಸಗಂಗೋತ್ರಿಯ ಪಕ್ಕದ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಗೆ ಜಯಮೇರಿ ಅವರನ್ನು ವಾರಕ್ಕೊಮ್ಮೆ ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ಸಿಂಚನ ಎಂಬ ಸಮಾಧಾನದ ಹುಡುಗಿ ಚಿತ್ರದ ಕಾರ್ಡು ಎತ್ತಿ ಹಿಡಿದು, “ತಾತಾ, ಇದೇನು ಹೇಳಿ?” ಅನ್ನುವಳು. ಅಪ್ಪ ಬಾಳೆಹಣ್ಣಿನ ಚಿತ್ರ ನೋಡುವರು, ಹುಡುಗಿಯ ಮುಖ ನೋಡುವರು, ಆಮೇಲೆ ಬಾಗಿಲು ನೋಡುವರು. ಅಲ್ಲಿಗೆ ಆ ದಿನದ ಪಾಠ ಮುಗಿಯುತ್ತಿತ್ತು.

ಚರ್ಚಿನವರು ಮನೆಗೇ ಬಂದು ಅಪ್ಪನೇ ಕಲಿಸಿದ ಕೀರ್ತನೆಗಳನ್ನು ಹಾಡಿದರು. ಅಪ್ಪ ಹಾಸಿಗೆಯ ಮೇಲೆ ಬೆರಳಿನಲ್ಲಿ ತಾಳ ಹಾಕಿದರು, ಕಣ್ಣು ಒರೆಸಿಕೊಂಡರು, ತುಟಿ ಎರಡು ಮಾಡಲಿಲ್ಲ. ಬಂದವರೆಲ್ಲ ಅವರ ಹತ್ತಿರ ಎಳೆಗೂಸಿನ ಜತೆ ಆಡುವ ಹಾಗೆ ಬೆಣ್ಣೆಯಂತಹ ಮಾತಾಡಿ ಹೋದರು. ಎಲ್ಲರಿಗಿಂತ ಕಡೆ ರಾಬರ್ಟ್. ಕೆಲಸದಿಂದ ಬಂದವನು ಕೋಣೆಯ ಬಾಗಿಲಲ್ಲೇ ನಿಂತು “ಊಟ ಆಯ್ತಾ ಅಪ್ಪ?” ಎಂದು ಕೇಳಿ, ಉತ್ತರ ಬರದ ಆ ಮೌನ ಶುರುವಾಗುವ ಮೊದಲೇ ತಾರಸಿ ಹತ್ತಿಬಿಡುತ್ತಿದ್ದ. ಅಪ್ಪನ ಮೇಲೆ ಪ್ರೀತಿ ಇಲ್ಲದೆ ಅಲ್ಲ, ಆ ಮೌನವನ್ನು ಕೇಳಿಸಿಕೊಳ್ಳಲು ಅವನಿಗೆ ಆಗುತ್ತಿರಲಿಲ್ಲ.

ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಒರಗಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅವನು ಕೇಳುತ್ತಿದ್ದದ್ದು ಇಂಡಸ್ಟ್ರಿಯಲ್ ಮೆಟಲ್. ಗಿಟಾರು, ಡ್ರಮ್ಮಿನ ಜತೆಗೆ ಕಾರ್ಖಾನೆಯ ಸದ್ದುಗಳನ್ನೂ ಬೆರೆಸಿ ಬಡಿಯುವ ಸಂಗೀತ. ಸಾಧು ಪ್ರಾಣಿಗಳಿಗೆ ಅದೇ ಯಾಕೆ ಹಿಡಿಸುತ್ತದೋ ಆ ದೇವರಿಗೇ ಗೊತ್ತು. ಕಾಲೇಜಿನಿಂದ ಅವನು ಆರಾಧಿಸಿಕೊಂಡು ಬಂದ ‘ಫರ್ನೇಸ್ ರೋಡ್’ ಎಂಬ ತಂಡ ಬಹಳ ವರ್ಷ ತೆಪ್ಪಗಿದ್ದು, ಈ ಜನವರಿಯಲ್ಲಿ ‘ಟನೇಜ್’ ಎಂಬ ಹೊಸ ಆಲ್ಬಂ ಹೊರಗೆ ಬಿಟ್ಟಿತ್ತು. ಅಪ್ಪನ ಕಾಯಿಲೆಯ ನಡುವೆ ಇದೊಂದಾದರೂ ಸಿಕ್ಕಿತಲ್ಲ ಎಂದು ರಾಬರ್ಟ್ ಆಸೆಯಿಂದ ಕಿವಿಗೊಟ್ಟ.

ಮೋಸ ಹೋದೆ ಅನ್ನಿಸಿತು. ಹಳೆಯ ವೇಗವಿಲ್ಲ, ಮೈ ಜುಮ್ಮೆನ್ನಿಸುವ ಗಿಟಾರಿಲ್ಲ. ಮೊದಲ ಹಾಡಿನಲ್ಲಿ ಯಾರೋ ಕಬ್ಬಿಣದ ಬೀರು ಎಳೆದುಕೊಂಡು ಹೋಗುತ್ತಾರೆ, ಹಾಡು ಮುಗಿಯುವವರೆಗೂ ಅದನ್ನು ಎಲ್ಲಿಯೂ ಇಡುವುದಿಲ್ಲ. ಹಾಡುಗಾರ ಹಾಡುವುದನ್ನೇ ಬಿಟ್ಟು ರೈಲು ತಡವಾಗಿದೆ ಎನ್ನುವ ದನಿಯಲ್ಲಿ ಏನೋ ಓದುತ್ತಾನೆ. ಜಯಲಕ್ಷ್ಮಿಪುರಂನಲ್ಲಿರುವ ಗೆಳೆಯ ಪುನೀತ್‌ಗೂ ಇದೇ ಹುಚ್ಚು. ಅವನು ಫೋನಿನಲ್ಲೇ ತೀರ್ಪು ಕೊಟ್ಟ.

“ಮಿಕ್ಸಿ ಒಳಗೆ ಚಮಚ ಬಿದ್ದಂಗೈತೆ ಕಣೋ. ನಾನು ಡಿಲೀಟ್ ಮಾಡ್ಬುಟ್ಟೆ.”

ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬರುವಾಗ ರಾಬರ್ಟ್‌ಗೆ ದಾರಿ ಕಂಡಿತು. ಮೆಟಲ್ ಕೇಳುವುದನ್ನು ಬಿಟ್ಟರೆ ಹೇಗೆ? ಆದರೆ ಈ ಆಲ್ಬಂ ಬಂದ ಮೇಲೆ ಬಿಡುವುದರಲ್ಲಿ ತ್ಯಾಗವೇನು ಬಂತು, ನೆಮ್ಮದಿ ತಾನೇ! ಕಷ್ಟವಿರುವುದು ಕೇಳುವುದರಲ್ಲಿ. ಅಪ್ಪನಿಗೆ ಮಾತು ಬರಲಿ, ಅದಕ್ಕಾಗಿ ಈಸ್ಟರ್‌ವರೆಗೆ ದಿನವೂ ಆ ದರಿದ್ರ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ, ಒಂದು ಹಾಡೂ ದಾಟಿಸದೆ ಕೇಳುತ್ತೇನೆ ಎಂದು ಹರಕೆ ಹೊತ್ತ. ಮೈಸೂರಿನ ಯಾವ ಚರ್ಚಿನಲ್ಲೂ ಇಂತಹ ಹರಕೆ ಯಾರೂ ಹೊತ್ತಿರಲಾರರು. ಅವನಿಗೆ ಅದು ತಮಾಷೆಯಾಗಿ ಕಾಣಲಿಲ್ಲ.

ಮೊದಲ ವಾರ ಚೆನ್ನಾಗಿಯೇ ನರಳಿದ. ಕೇಳಿ ಇಳಿದು ಬರುವಾಗ ಹಲ್ಲು ನೋಯುತ್ತಿತ್ತು. ದೇವರಿಗೆ ಇದು ಸಲ್ಲುತ್ತದೆಂಬ ತೃಪ್ತಿಯಿತ್ತು.

ಆಮೇಲೆ ಎಡವಟ್ಟಾಯಿತು. ಎರಡನೆಯ ಹಾಡಿನ ಡ್ರಮ್ಮಿನಲ್ಲಿ ಆಗಾಗ ಒಂದು ಏಟು ಕೂದಲೆಳೆಯಷ್ಟು ತಡವಾಗಿ ಬೀಳುವುದು ಅವನ ಗಮನಕ್ಕೆ ಬಂತು. ತಪ್ಪಿ ಬಿದ್ದದ್ದಲ್ಲ, ಬೇಕೆಂದೇ ಹಾಗೆ ಇಟ್ಟದ್ದು. ಮರುದಿನ ಅದಕ್ಕಾಗಿ ಕಾದ. ಅದು ಬಿದ್ದಾಗ ಎದೆಯೊಳಗೆ ಏನೋ ಹಿತವಾಯಿತು. ಇನ್ನಷ್ಟು ದಿನ ಕಳೆದ ಮೇಲೆ ಬೀರು ಎಳೆಯುವ ಸದ್ದಿಗೂ ಒಂದು ನಡಿಗೆಯಿದೆ ಅನ್ನಿಸಿತು. ಆ ಓದುವ ದನಿ ಕೂಡ ಪ್ರತಿ ಹಾಡಿಗೂ ಸ್ವಲ್ಪ ಸ್ವಲ್ಪವೇ ದಣಿಯುತ್ತಾ ಹೋಗುತ್ತದೆ, ಕೊನೆಗೆ ಬಲು ಸುಸ್ತಾದ ಮನುಷ್ಯನೊಬ್ಬ ಪಕ್ಕದಲ್ಲಿ ಕೂತಂತಾಗುತ್ತದೆ. ಐದನೆಯ ಹಾಡಿನ ಆ ಗುಂಯ್ ಎನ್ನುವ ಮೊರೆತವನ್ನು ಅವನು ಮೋಟಾರು ಅಂದುಕೊಂಡಿದ್ದ. ಅದು ಮೋಟಾರಲ್ಲ, ಜನ. ಯಾವುದೋ ಗಾಯಕವೃಂದದ ಹಾಡನ್ನು ವಿಪರೀತ ನಿಧಾನ ಮಾಡಿ ಸದ್ದಿನಡಿ ಹೂತಿಟ್ಟಿದ್ದರು. ಜ್ಞಾನಪ್ರಕಾಶ್ ಅವರ ಮಗನಾಗಿ ಹುಟ್ಟಿ, ಭಾನುವಾರವೆಲ್ಲ ಕಾಯರಿನ ಬೆಂಚಿನಲ್ಲಿ ಬೆಳೆದವನಿಗೆ ಅದರೊಳಗಿನ ನಾಲ್ಕು ಧ್ವನಿಗಳೂ ಬೇರೆ ಬೇರೆಯಾಗಿ ಸಿಕ್ಕಿದವು. ಸಿಕ್ಕ ಸಂಜೆ ಅವನು ಟ್ಯಾಂಕಿಗೆ ಒರಗಿ ಸುಮ್ಮನೆ ನಗುತ್ತಾ ಕೂತಿದ್ದ.

ಮರುದಿನ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವಾಗ ಅದನ್ನೇ ಗುನುಗುತ್ತಿದ್ದನಂತೆ. ಗಿರಾಕಿಯೊಬ್ಬರು, “ಏನ್ರೀ, ಹೊಟ್ಟೆ ನೋವಾ?” ಎಂದು ವಿಚಾರಿಸಿಕೊಂಡರು. ಅದೇ ಸಂಜೆ ಮನೆಗೆ ಬಂದರೆ ಜಯಮೇರಿಯ ಮುಖ ಸಪ್ಪಗಿತ್ತು.

“ಮಾವ ಇವತ್ತು ಕಾರ್ಡ್‌ನೆಲ್ಲ ಕೆಳಗೆ ತಳ್ಬುಟ್ರು ಕಣ್ರೀ. ಆ ಹುಡ್ಗಿ ಪಾಪ, ಸ್ವಲ್ಪ ದಿನ ಬಿಟ್ಟು ನೋಡೋಣ ಅಂದ್ಲು.”

ರಾಬರ್ಟ್‌ನ ಜೀವ ಝಲ್ಲೆಂದಿತು. ಹರಕೆ ಕೆಟ್ಟಿತ್ತು. ಕಷ್ಟಪಡುತ್ತೇನೆಂದು ದೇವರಿಗೆ ಮಾತು ಕೊಟ್ಟು, ತಾರಸಿಯ ಮೇಲೆ ಕೂತು ಮಜಾ ಮಾಡಿದರೆ ಇನ್ನೇನಾಗುತ್ತದೆ? ಕಷ್ಟವನ್ನು ಮರಳಿ ತರಲು ಅವನು ಮಂಡಿಯೂರಿ ಕೇಳಿದ. ಭಾನುವಾರ ಮಧ್ಯಾಹ್ನ ಕಾದ ಕಾಂಕ್ರೀಟಿನ ಮೇಲೆ ಕೂತು ಕೇಳಿದ. ಚರ್ಮ ಸುಟ್ಟಿತು, ಆಲ್ಬಂ ಮಾತ್ರ ಇನ್ನೂ ಚೆನ್ನಾಗಿ ಕೇಳಿಸಿತು.

ಶನಿವಾರ ಪಾಪನಿವೇದನೆಗೆ ಹೋದ. ಜಾಲರಿಯ ಆಚೆ ಕೂತಿದ್ದ ವಯಸ್ಸಾದ ಗುರುಗಳು ಹರಕೆಯ ಕತೆಯನ್ನೆಲ್ಲ ಕೇಳಿಸಿಕೊಂಡು ವಿಚಾರಣೆಗಿಳಿದರು.

“ಹಾಡಲ್ಲಿ ಅಶ್ಲೀಲ ಏನಾರ ಐತೇನಪ್ಪ?”

“ಮಾತೇ ಅರ್ಥ ಆಗಲ್ಲ ಫಾದರ್.”

“ದೇವರನ್ನ ಬೈತಾರಾ?”

“ಇಲ್ಲ ಫಾದರ್. ಬೀರು ಎಳೀತಾರೆ.”

“ಮತ್ತೆ ಪಾಪ ಎಲ್ಲಿ ಬಂತು?”

“ಇಷ್ಟ ಆಗೋಯ್ತು ಫಾದರ್,” ಎಂದ ರಾಬರ್ಟ್. “ನನ್ನಿಂದ ಅಪ್ಪಂಗೆ ಮಾತು ಬರದೆ ಹೋದ್ರೆ?”

ಗುರುಗಳು ಕೆಮ್ಮಿದರು. ನಗು ನುಂಗಿಕೊಂಡರೋ ನಿಜವಾಗಿಯೂ ಕೆಮ್ಮೇ ಬಂತೋ ಹೇಳಲಾಗದು. “ದಿನಾ ನೀನು ತಾರಸಿ ಮೇಲೆ ಕೂತಿರೋವಾಗ ಅಪ್ಪನ ಹತ್ರ ಯಾರಿರ್ತಾರೆ?”

“ಬಾಗ್ಲಲ್ಲೇ ನಿಂತು ಮಾತಾಡಿಸಿ ಹೋಗ್ತೀನಿ ಫಾದರ್. ನಂಗೇನಾರ ಪ್ರಾಯಶ್ಚಿತ್ತ ಕೊಡಿ,” ಎಂದ ರಾಬರ್ಟ್.

“ಪ್ರಾಯಶ್ಚಿತ್ತ ಬೇಕು ಅಂದ್ಯಲ್ಲ, ತಗೊ. ಸಂಜೆ ಅವರ ಪಕ್ಕ ಕೂತ್ಕೊ. ಬಾಗ್ಲಲ್ಲಿ ನಿಂತ್ಕೊಳ್ಳೋದಲ್ಲ, ಕೂತ್ಕೊಳ್ಳೋದು.”

ಬೇರೆ ಯಾರಾದರೂ ಆಗಿದ್ದರೆ ಹರಕೆ ಅಲ್ಲಿಗೆ ಬಿಟ್ಟು ಹೋಗಿ ಕೂರುತ್ತಿದ್ದರು. ರಾಬರ್ಟ್ ಹಾಗಲ್ಲ. ಹರಕೆಯೂ ನಡೆಯಬೇಕು, ಪ್ರಾಯಶ್ಚಿತ್ತವೂ ನಡೆಯಬೇಕು, ಸಂಜೆ ಇರುವುದು ಒಂದೇ. ಕಾಯಿಲೆಯ ಮನುಷ್ಯನ ಪಕ್ಕ ಹೆಡ್‌ಫೋನ್ ಹಾಕಿಕೊಂಡು ಕೂರುವುದು ಮರ್ಯಾದೆಯಲ್ಲ. ಹಾಗಾಗಿ ಬ್ಲೂಟೂತ್ ಸ್ಪೀಕರನ್ನು ಅಪ್ಪನ ಮಾತ್ರೆ ಡಬ್ಬಿಯ ಪಕ್ಕ ಇಟ್ಟ. ಮೊದಲ ಹಾಡಿಗೇ ಜಯಮೇರಿ ಅಡುಗೆಮನೆಯಿಂದ ಓಡಿ ಬಂದಳು.

“ರೀ, ತಲೆ ನೆಟ್ಟಗಿದ್ಯಾ? ಮಾವಂಗೆ ಇನ್ನೊಂದ್ಸಲ ಹೊಡೆದ್ರೆ ಏನ್ಮಾಡೀರಿ?”

“ಮೆಲ್ಲಗಿಟ್ಟಿದೀನಿ. ಫಾದರ್ ಹೇಳವ್ರೆ ಕಣೇ.”

“ಫಾದರ್ ಇದನ್ನ ಕೇಳವ್ರಾ?”

“ಇಲ್ಲ.”

“ಅದಕ್ಕೇ ಹೇಳವ್ರೆ,” ಎಂದು ಅವಳು ಕುಕ್ಕರ್ ನೋಡಲು ಹೋದಳು.

ಅಪ್ಪ ಸೂರು ನೋಡುತ್ತಾ ಮಲಗಿದ್ದರು. ಕೀರ್ತನೆಗೆ ತಾಳ ಹಾಕಿದ್ದ ಬೆರಳು ಇದಕ್ಕೆ ಅಲುಗಲಿಲ್ಲ. ರಾಬರ್ಟ್‌ಗೆ ಮಾತ್ರ ಒಂದು ಅನುಕೂಲ ಕಂಡಿತು. ಕೋಣೆಯಲ್ಲಿ ಇಷ್ಟು ಸದ್ದಿರುವಾಗ ಉತ್ತರ ಬರದ ಮೌನ ಕೇಳಿಸುತ್ತಲೇ ಇರಲಿಲ್ಲ. ಅವನು ಬಾಯಿಗೆ ಬಂದದ್ದನ್ನೆಲ್ಲ ಮಾತಾಡತೊಡಗಿದ. ಅಂಗಡಿಗೆ ಬಂದ ಮುದುಕಿ ಯಾವ ಗಾಜು ಹಾಕಿದರೂ ಚೆನ್ನಾಗಿದೆ ಅಂದದ್ದು, ಪುನೀತ್ ಆಲ್ಬಮ್ಮನ್ನು ಬೈದದ್ದು, ತನಗೆ ಭಯವಾಗಿ ತಾರಸಿಗೆ ಓಡುತ್ತಿದ್ದದ್ದು. ಇದನ್ನು ಹೇಳುವಾಗ ಅವನು ಅಪ್ಪನ ಬಲಗೈ ಹಿಡಿದುಕೊಂಡಿದ್ದ. ದಿನವೂ ಸಂಜೆ ಹೀಗೆಯೇ ನಡೆಯಿತು. ಅಪ್ಪನ ಕೈ ಬೆಚ್ಚಗಿರುತ್ತಿತ್ತು, ಬಿಡಿಸಿಕೊಳ್ಳುತ್ತಿರಲಿಲ್ಲ.

ಈಸ್ಟರ್‌ಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರ ಚರ್ಚಿನಿಂದ ತಂದ ತೆಂಗಿನ ಗರಿಯನ್ನು ಜಯಮೇರಿ ಮಂಚದ ತಲೆಗೆ ಸಿಕ್ಕಿಸಿ ಹೋದಳು. ಸಂಜೆ ಐದನೆಯ ಹಾಡು ಬಂದಾಗ ರಾಬರ್ಟ್‌ಗೆ ತಡೆಯಲಾಗಲಿಲ್ಲ. ಸದ್ದು ಸ್ವಲ್ಪ ಜಾಸ್ತಿ ಮಾಡಿ ಅಪ್ಪನ ಕಿವಿಯ ಹತ್ತಿರ ಬಗ್ಗಿದ.

“ಇಲ್ಲಿ ಕೇಳಿ ಅಪ್ಪ, ಇದು ಮೋಟಾರಲ್ಲ, ಕಾಯರ್. ನಾಲ್ಕು ಧ್ವನಿ ಐತೆ. ಕೆಳಗಿನ ಬೇಸ್ ಕೇಳಿಸ್ತಾ? ಎಷ್ಟು ಚೆನ್ನಾಗಿ ಹಿಡಿದವ್ರೆ ನೋಡಿ.”

ಅಪ್ಪ ಕಣ್ಣು ಮುಚ್ಚಿದರು. ಹುಬ್ಬು ಗಂಟಿಕ್ಕಿತು.

“ನಿಲ್ಸು.”

ಆಲ್ಬಂನಲ್ಲಿ ತಾನು ಗಮನಿಸದ ದನಿ ಇನ್ನೊಂದಿದೆಯೇ ಎಂದು ರಾಬರ್ಟ್ ಸ್ಪೀಕರ್ ನೋಡಿದ. ಆದರೆ ಆ ತಂಡಕ್ಕೆ ಕನ್ನಡ ಬರುವುದಿಲ್ಲ. ಅವನು ಮೆಲ್ಲಗೆ ಅಪ್ಪನ ಕಡೆ ತಿರುಗಿದ. ಅಪ್ಪ ಅವನನ್ನೇ ನೋಡುತ್ತಿದ್ದರು.

“ಏನಂದ್ರಿ ಅಪ್ಪ?”

ಅಪ್ಪನ ತುಟಿ ನಡುಗಿತು. ಪದ ಸಿಗಲಿಲ್ಲ, ಕಣ್ಣಲ್ಲಿ ದಿಗಿಲು ಬಂತು. ಬಂದದ್ದು ಮತ್ತೆ ಹೊರಟುಹೋಗುತ್ತಿದೆ ಎಂದು ರಾಬರ್ಟ್‌ಗೆ ಕಂಡಿತು. ಹುಟ್ಟಿದಾಗಿನಿಂದ ಅಪ್ಪ ನಿಲ್ಲು ಅಂದರೆ ನಿಂತ, ಕೂರು ಅಂದರೆ ಕೂತ ಮಗ ಅವನು. ಈಗ ಕೈ ಚಾಚಿ ವಾಲ್ಯೂಮ್ ಏರಿಸಿದ. ಮಾತ್ರೆ ಡಬ್ಬಿ ಗಡಗಡ ಅಂದಿತು.

“ಕ... ಕತ್ತೆ!” ಎಂದರು ಅಪ್ಪ. ಎದ್ದು ಕೂರಲು ಮೊಣಕೈ ಊರಿದರು. “ಕತ್ತೆ, ನಿಲ್ಸೋ!”

ಜಯಮೇರಿ ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದವಳು ಹಾಗೆಯೇ ನಿಂತಳು. ರಾಬರ್ಟ್‌ನ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು.

“ಇನ್ನೊಂದ್ಸಲ ಬೈರಿ ಅಪ್ಪ,” ಎಂದು ಅವನು ಸದ್ದನ್ನು ಪೂರ್ತಿ ಏರಿಸಿದ.