ಡ್ರೈವರ್ ಸೀಟಿನಲ್ಲಿ ಕೂತವನು

ಹೊಗೆ ತಪಾಸಣೆಗೆಂದು ಆ ವ್ಯಾನು ಬಂದು ನಿಂತಾಗ ತಪಾಸಣೆಯವಳು ಕುರ್ಚಿ ಬಿಟ್ಟು ಎದ್ದಳು. ಬಣ್ಣ ಬದಲಾಗಿದ್ದರೂ ಬಾಗಿಲಿನ ತಗ್ಗು ಅದೇ. ಶೀತ ಹಿಡಿದು, ಚಳಿಗೆ ಹೀಟರ್ ಹಾಕಿ, ಎಂಜಿನ್ ಚಾಲೂ ಇಟ್ಟು, ಗಾಜು ಏರಿಸಿಕೊಂಡು ಇದರಲ್ಲೇ ಮಲಗಿದ್ದ ಅವಳ ಅಣ್ಣ ಮತ್ತೆ ಏಳಲಿಲ್ಲ. ಹೃದಯ ನಿಂತಿತು ಅಂದರು ಎಲ್ಲರೂ. ಗಾಡಿ ಕಣ್ಣೆದುರು ಇರುವುದೇ ಬೇಡವೆಂದು ಅಪ್ಪ ಮಾರಿಬಿಟ್ಟಿದ್ದರು.

ಈಗಿನ ಯಜಮಾನ ಊರೂರು ತಿರುಗಿ ಬಟ್ಟೆ ಮಾರುವವನು. "ಬೇಗ ಸರ್ಟಿಫಿಕೇಟ್ ಕೊಟ್ಬಿಡಮ್ಮ. ಇದಕ್ಕಿಂತ ನನ್ನ ಬೀಡಿನೇ ಜಾಸ್ತಿ ಹೊಗೆ ಬಿಡುತ್ತೆ!"

ಅವಳು ಸೈಲೆನ್ಸರ್ ಬಾಯಿಗೆ ನಳಿಗೆ ತೂರಿಸಿದಳು. ಕಾರ್ಬನ್ ಮಾನಾಕ್ಸೈಡಿನ ಅಂಕಿ ಏರುತ್ತಲೇ ಹೋಯಿತು. ಕಣ್ಣಿಗೆ ಕಾಣದ, ಮೂಗಿಗೆ ಸಿಗದ ವಿಷ.

"ಇದರೊಳಗೆ ಮಲಗ್ತೀರಾ?"

ಉತ್ತರ ಕೊಟ್ಟದ್ದು ಅವನ ಹೆಂಡತಿ. "ಇನ್ನೆಲ್ಲಿ ಮಲಗೋಣ? ಆದ್ರೆ ಇದರಲ್ಲಿ ಏನೋ ಇದೆ ಕಣಮ್ಮ. ಹೀಟರ್ ಹಾಕಿ ಮಲಗಿದ್ರೆ ತಲೆ ಸಿಡಿಯುತ್ತೆ. ಡ್ರೈವರ್ ಸೀಟಲ್ಲಿ ಒಬ್ಬ ಕೂತಿರ್ತಾನೆ. ತಿರುಗಿ ನೋಡಲ್ಲ. 'ಏಳೇ ಮೊದ್ದು, ಬಾಗಿಲು ತೆಗಿ' ಅಂತಾನೆ. ಎದ್ದು ತೆಗೀತೀನಿ."

"ಇವಳಿಗೆ ಭ್ರಮೆ" ಎಂದ ಗಂಡ. ಈ ಸಲ ನಗಲಿಲ್ಲ.

ತಪಾಸಣೆಯವಳು ಖಾಲಿ ಡ್ರೈವರ್ ಸೀಟಿನತ್ತ ತಿರುಗಿದಳು. ಮೊದ್ದು ಎಂದು ಅವಳನ್ನು ಕರೆಯುತ್ತಿದ್ದವನು ಅಣ್ಣನೊಬ್ಬನೇ.

ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಬಂದು ವ್ಯಾನಿನಡಿ ತೂರಿದ. ಹೊಗೆಯ ಪೈಪು ಸೀಟಿನ ಕೆಳಗೇ ಸೀಳಿತ್ತು, ಮೇಲಿನ ತಗಡು ತುಕ್ಕು ಹಿಡಿದು ತೂತಾಗಿತ್ತು. ಕಾರ್ಬುರೇಟರ್ ಬೇರೆ ಎಂಜಿನ್ನಿಗೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಸುತ್ತಿತ್ತು. ಅರೆಬರೆ ಉರಿದದ್ದೆಲ್ಲ ಒಳಗೇ ಬರುತ್ತಿತ್ತು. "ಇದು ತಲೆಗೇರಿದ್ರೆ ಇಲ್ಲದವರೂ ಕಾಣ್ತಾರೆ" ಎಂದ.

ಅವನು ಬೆಸುಗೆ ಸಾಮಾನು ತರಲು ಹೋದಾಗ ತಪಾಸಣೆಯವಳು ಒಳಗೆ ಕೂತು, ಎಂಜಿನ್ ಹಚ್ಚಿ, ಗಾಜು ಏರಿಸಿದಳು. ಹಿಂದಿನ ಸೀಟಿಗೆ ಸರಿದು ಖಾಲಿ ಸ್ಟೀರಿಂಗನ್ನೇ ನೋಡಿದಳು. "ಅಣ್ಣಾ, ಒಂದ್ಸಲ ಬೈಯೋ." ಕಿವಿ ಗುಂಯ್ ಎಂದಿತು. ಯಾರೂ ಬರಲಿಲ್ಲ. ಬಾಗಿಲು ತೆರೆದು ರಟ್ಟೆ ಹಿಡಿದು ಎಳೆದವಳು ಬಟ್ಟೆಯವನ ಹೆಂಡತಿ. "ನಿಂಗೇನು ಹುಚ್ಚಾ?"

ಪೈಪು ಬದಲಾಯಿತು, ತೂತು ಮುಚ್ಚಿತು, ಅಂಕಿ ಇಳಿಯಿತು. ಮುಂದಿನ ತಪಾಸಣೆಗೆ ಬಂದಾಗ ಆ ಹೆಂಗಸಿನ ಮುಖದಲ್ಲಿ ಕಳೆಯಿತ್ತು. "ಈಗ ತಲೆನೋವಿಲ್ಲ. ಅವನೂ ಬರಲ್ಲ."

"ಅವನ ದನಿ ಹೇಗಿತ್ತು?"

ಹೆಂಗಸು ಯೋಚಿಸಿದಳು. "ಶೀತ ಆದವರ ಥರ. ಬೈತಿದ್ದ, ಆದ್ರೆ ಸಿಟ್ಟಿರಲಿಲ್ಲ."

ತಪಾಸಣೆಯವಳು ತಲೆಯಾಡಿಸಿ ಸರ್ಟಿಫಿಕೇಟಿಗೆ ಸಹಿ ಹಾಕಿದಳು. ವ್ಯಾನು ರಸ್ತೆ ತಿರುವಿನಲ್ಲಿ ಮರೆಯಾಗುವ ತನಕ ಬಾಗಿಲಲ್ಲೇ ನಿಂತಿದ್ದಳು.